ಆರು ಕಿಲೋಮೀಟರಿನ ಹಸಿರು ದಾರಿ

ಮೊಂಬ್ರಾಕ್ ಊರಿನ ನೋಟರಿ ಕಚೇರಿಯಲ್ಲಿ ಇಪ್ಪತ್ತಾರು ವರ್ಷದಿಂದ ಗುಮಾಸ್ತನಾಗಿದ್ದ ಆನ್ಸೆಲ್ಮ್ ಲಬ್ರೂನಿ ಯಾರ ತಂಟೆಗೂ ಹೋದವನಲ್ಲ. ಊರವರ ಉಯಿಲು, ಕ್ರಯಪತ್ರ, ಅಣ್ಣತಮ್ಮಂದಿರ ಪಾಲುಪಟ್ಟಿ ಎಲ್ಲವೂ ಅವನ ಕೈ ದಾಟಿಯೇ ಹೋಗಬೇಕು. ಯಾರ ಬೇಲಿ ಯಾರ ಹೊಲದೊಳಗೆ ಎಷ್ಟು ಮೊಳ ನುಗ್ಗಿದೆ ಎಂಬುದು ಅವನಿಗೆ ಗೊತ್ತಿತ್ತು. ಒಂದು ದಿನವೂ ಬಾಯಿ ಬಿಟ್ಟವನಲ್ಲ. ಇಂಥ ಮನುಷ್ಯ ಐವತ್ತನಾಲ್ಕನೆಯ ವಯಸ್ಸಿನಲ್ಲಿ, ಯಾರನ್ನೂ ಕೇಳದೆ, ಬೆಟ್ಟ ಹತ್ತುವ ದಪ್ಪ ಟೈರಿನ ಸೈಕಲ್ಲೊಂದನ್ನು ಮನೆಗೆ ತಂದ. ಅಲ್ಲಿಗೆ ಊರಿನ ನೆಮ್ಮದಿ ಕೆಟ್ಟಿತು.

ಇದಕ್ಕೆ ಮೂಲ ಸೆಪ್ಟೆಂಬರಿನ ಒಂದು ಭಾನುವಾರದ ಊಟ. ಆನ್ಸೆಲ್ಮನ ಹೆಂಡತಿ ಓರ್ತಾನ್ಸ್ ಬಾತುಕೋಳಿ ಬೇಯಿಸಿದ್ದಳು. ಅವಳ ತಮ್ಮ ರೆಜಿಸ್ ಊಟಕ್ಕೆ ಬಂದಿದ್ದ. ರೆಜಿಸ್ ನಲವತ್ತರ ಗಟ್ಟಿ ಆಳು. ಟ್ರ್ಯಾಕ್ಟರ್ ರಿಪೇರಿ ಅವನ ಕಸುಬು, ಬೆಟ್ಟದ ಸೈಕಲ್ಲು ಅವನ ಮತ. ಊರ ಸುತ್ತಲ ಕಾಡುಗುಡ್ಡಗಳಲ್ಲಿ ಪುರಸಭೆಯವರು ಸೈಕಲ್ಲಿಗೆಂದೇ ದಾರಿ ಮಾಡಿ, ಮರಮರಕ್ಕೂ ಬಣ್ಣದ ಹಲಗೆ ಹೊಡೆಸಿದ್ದರು. ಹಸಿರು ಮಕ್ಕಳಿಗೆ, ನೀಲಿ ಹವ್ಯಾಸಕ್ಕೆ ಬಂದವರಿಗೆ, ಕೆಂಪು ಪಳಗಿದವರಿಗೆ, ಕಪ್ಪು ತಲೆಕೆಟ್ಟವರಿಗೆ.

"ಇನ್ನೊಂದು ತುಂಡು ಹಾಕ್ಕೊಳ್ಳಿ ಭಾವ," ಎಂದ ರೆಜಿಸ್, ಆನ್ಸೆಲ್ಮನ ಹೊಟ್ಟೆಯನ್ನು ಜಮೀನು ಅಳೆಯುವವನಂತೆ ನೋಡುತ್ತ. "ನಿಮಗೇನು, ಕಪಾಟಿನಿಂದ ಕುರ್ಚಿಗೆ, ಕುರ್ಚಿಯಿಂದ ಕಪಾಟಿಗೆ. ಕರಗಿಸೋ ಅಗತ್ಯ ಇಲ್ಲ."

"ಮನಸ್ಸು ಮಾಡಿದ್ರೆ ನಾನೂ ಸೈಕಲ್ ಹೊಡೀತೀನಿ," ಎಂದ ಆನ್ಸೆಲ್ಮ್.

"ನೀವಾ? ಹಸಿರು ದಾರೀನೂ ಮುಗಿಸಲ್ಲ ಬಿಡಿ. ಆರೇ ಆರು ಕಿಲೋಮೀಟರು. ಶಾಲೆ ಮಕ್ಕಳು ಅರ್ಧ ಗಂಟೇಲಿ ಸುತ್ತಿ ಬಂದು ಐಸ್‌ಕ್ರೀಮು ಕೇಳ್ತಾವೆ."

ಓರ್ತಾನ್ಸ್ ನಕ್ಕಳು. ತಮ್ಮ ನಕ್ಕಿದ್ದರೆ ಆನ್ಸೆಲ್ಮ್ ಸಹಿಸುತ್ತಿದ್ದನೇನೋ. ಹೆಂಡತಿ ನಕ್ಕದ್ದೇ ತಪ್ಪಾಯಿತು. ಅವನು ಫೋರ್ಕು ಕೆಳಗಿಟ್ಟು, ಉಯಿಲು ಓದುವ ದನಿಯಲ್ಲಿ ಸಾರಿದ: "ಬರೋ ಶನಿವಾರದಿಂದ, ಪ್ರತಿ ಶನಿವಾರ. ಹಸಿರು ದಾರಿ. ಪೂರ್ತಿ."

ಎಲ್ಲ ದಾರಿಗಳೂ ಹಳೆಯ ಬಟ್ಟೆ ಒಗೆಯುವ ಕಟ್ಟೆಯ ಬಳಿ ಶುರುವಾಗುತ್ತವೆ. ಶನಿವಾರ ಎಂಟು ಗಂಟೆಗೆ ಆನ್ಸೆಲ್ಮ್ ಅಲ್ಲಿಂದ ಹೊರಟ. ಒಂಬತ್ತಕ್ಕೆಲ್ಲ ವಾಪಸು ಬಂದು ಕಾಫಿ ಕುಡಿಯುವುದೆಂದು ಲೆಕ್ಕ. ಬಂದದ್ದು ಹನ್ನೆರಡೂವರೆಗೆ.

ಆರು ಕಿಲೋಮೀಟರಿಗೆ ನಾಲ್ಕೂವರೆ ಗಂಟೆ! ದಾರಿಯ ತುಂಬ ಬೀಚ್ ಮರದ ಬೇರುಗಳು ಹೆಬ್ಬಾವಿನ ಹಾಗೆ ಅಡ್ಡ ಮಲಗಿದ್ದವು. ಒಂದು ಕಡೆ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಬಂಡೆ ಹತ್ತಿದ. ಜೋಡಿ ಚೆಸ್ಟ್‌ನಟ್ ಮರಗಳ ಹತ್ತಿರ ಬಂದಾಗ ದಾರಿ ಇದ್ದಕ್ಕಿದ್ದಂತೆ ಮಾಯವಾಯಿತು; ಬಗ್ಗಿ ನೋಡಿದರೆ ಕೆಳಗಿತ್ತು. 'ಮಕ್ಕಳು ಇಳೀತಾವಂತೆ, ನಂಗೇನು ಧಾಡಿ' ಎಂದುಕೊಂಡು ಕಣ್ಣು ಮುಚ್ಚಿ ಇಳಿದ. ಸೈಕಲ್ಲು ಎಡಕ್ಕೆ ಹೋಯಿತು, ಅವನು ನೇರವಾಗಿ ತೊರೆಗೆ ಹೋದ.

ಸೋಮವಾರ ಕಚೇರಿಗೆ ನಡೆದು ಹೋಗುವಾಗ ಶಾಲೆಯ ಗೇಟಿನೊಳಗೆ ನುಗ್ಗುತ್ತಿದ್ದ ಮಕ್ಕಳನ್ನು ಕಂಡು ಆನ್ಸೆಲ್ಮ್ ನಿಂತುಬಿಟ್ಟ. ಆ ಇಳಿಜಾರನ್ನು ಇಳಿದು ಬಂದು ಐಸ್‌ಕ್ರೀಮು ಕೇಳುವ ಜೀವಗಳು ಇವೇ! ಹಲ್ಲುದುರಿದ ಏಳು ವರ್ಷದ ಹುಡುಗಿಯೊಬ್ಬಳಿಗೆ ಅವನು ಟೋಪಿ ಎತ್ತಿ ನಮಸ್ಕಾರ ಮಾಡಿದ.

ಆದರೆ ಆಡಿದ ಮಾತು ಆಡಿದ್ದೇ. ಪ್ರತಿ ಶನಿವಾರ ಹೋದ, ಪ್ರತಿ ಶನಿವಾರ ಬಿದ್ದ. ಮಕ್ಕಳ ದಾರಿಯಲ್ಲಿ ಬೀಳುತ್ತೇನೆಂದು ಯಾರ ಹತ್ತಿರ ಹೇಳುವುದು? ಬೆನ್ನಚೀಲದಲ್ಲಿ ಒಣ ಪ್ಯಾಂಟು ಒಯ್ಯುವುದು, ಒದ್ದೆಯದನ್ನು ಬದಲಿಸಿ ಅದೇ ಚೀಲದಲ್ಲಿ ತುರುಕುವುದು, ಮುಖ್ಯ ಬೀದಿ ಬಿಟ್ಟು ಹಿತ್ತಲ ಓಣಿಯಿಂದ ಮನೆ ಸೇರುವುದು ಅವನಿಗೆ ರೂಢಿಯಾಯಿತು. ಯಾರಾದರೂ "ಹೇಗಿತ್ತು?" ಎಂದರೆ "ಚೆನ್ನಾಗಿತ್ತು," ಎಂದು ಬಿರಬಿರನೆ ನಡೆಯುತ್ತಿದ್ದ.

ಅಕ್ಟೋಬರ್ ಬಂತು. ಮಳೆ ಬಿದ್ದು, ಮೇಲೆ ನಾಲ್ಕು ದಿನ ಹದವಾದ ಬಿಸಿಲು ಕಾಯಿತು. ಇಂಥ ಹವೆ ಬಂತೆಂದರೆ ಮೊಂಬ್ರಾಕಿನಲ್ಲಿ ಗಂಡ ಹೆಂಡತಿಯನ್ನು ನಂಬುವುದಿಲ್ಲ. ಸೆಪ್ ಅಣಬೆ ಏಳುವ ಕಾಲ ಅದು. ಯಾರ ಅಣಬೆ ಎಲ್ಲಿ ಏಳುತ್ತದೆ ಎಂಬುದು ಆಯಾ ಮನೆಯ ಗುಟ್ಟು. ಸಾಯುವಾಗ ಕಿವಿಯಲ್ಲಿ ಹೇಳುವ ಮಾತು ಇದೊಂದೇ.

ಊರಿಗೆಲ್ಲ ದೊಡ್ಡ ಸೆಪ್ಪುಗಳನ್ನು ತರುತ್ತಿದ್ದವನು ಬೇಕರಿಯ ಮುದುಕ ಟೆಯೊಡೋರ್ ಬೂಯ್ಸು. ಮೂವತ್ತು ವರ್ಷ, ಪ್ರತಿ ಅಕ್ಟೋಬರಿನಲ್ಲಿ, ಮಗುವಿನ ತಲೆಯಷ್ಟು ದೊಡ್ಡ ಅಣಬೆಗಳನ್ನು ಬೇಕರಿಯ ಕಿಟಕಿಯಲ್ಲಿಟ್ಟು ಊರವರ ಹೊಟ್ಟೆ ಉರಿಸಿದ್ದ. ಕಳೆದ ಮಾರ್ಚಿನಲ್ಲಿ ಆತ ತೀರಿಕೊಂಡ. ಈಗ ಬೇಕರಿ ನಡೆಸುವ ಮಗಳು ಸಿದೋನಿಗೆ ಒಲೆ ಕೊಟ್ಟ, ಮನೆ ಕೊಟ್ಟ, ಜಾಗ ಎಲ್ಲಿ ಎಂದು ಮಾತ್ರ ಹೇಳದೆ ಹೋದ. ಉಯಿಲು ತೆರೆದದ್ದು ನೋಟರಿ ಕಚೇರಿಯಲ್ಲಿ. ಅದನ್ನು ನಕಲು ಮಾಡಿದವನು ಆನ್ಸೆಲ್ಮ್.

ಊರು ಎರಡಕ್ಕೆ ಎರಡು ಕೂಡಿಸಿತು. ಒಂಬತ್ತು ಬಂತು.

"ಯೋಚ್ನೆ ಮಾಡಿ," ಎಂದು ಬೇಕರಿಯ ಸಾಲಿನಲ್ಲಿ ನಿಂತ ಅಂಚೆಯವಳು ಶುರುಮಾಡಿದಳು. "ಮಾರ್ಚಲ್ಲಿ ಮುದುಕ ಹೋದ. ಸೆಪ್ಟೆಂಬರಲ್ಲಿ ಇವನು ಸೈಕಲ್ ತಗೊಂಡ. ಹುಟ್ಟಿದಾಗಿಂದ ಮೆಟ್ಟಿಲು ಹತ್ತೋಕೂ ಗೊಣಗ್ತಿದ್ದ ಮನುಷ್ಯ!"

"ನಾನು ಒಂಬತ್ತೂವರೆಗೆ ಗಿರಣಿ ಹತ್ರ ನೋಡ್ದೆ," ಎಂದ ಬೇಟೆಗಾರರ ಸಂಘದ ಅಧ್ಯಕ್ಷ.

"ಹನ್ನೊಂದಕ್ಕೆ ಶಿಲುಬೆ ಗುಡ್ಡದ ಹತ್ರ ನಾನು ನೋಡ್ದೆ!" ಎಂದಳು ಅಂಚೆಯವಳು. "ಗಿರಣಿ ಎಲ್ಲಿ, ಶಿಲುಬೆ ಎಲ್ಲಿ! ಹಿಂದೆ ಬರೋರನ್ನ ತಪ್ಪಿಸ್ತಿದಾನೆ ಕಣ್ರೀ. ಹೋಗುವಾಗ ಚೀಲ ಚಪ್ಪಟೆ, ಬರುವಾಗ ಉಬ್ಬಿರುತ್ತೆ. ಹಿತ್ತಲ ಓಣಿಯಿಂದ ಬರ್ತಾನೆ ಬೇರೆ."

ಸಿದೋನಿ ಗಲ್ಲಾಪೆಟ್ಟಿಗೆಯ ಹಿಂದೆ ನಿಂತು ಎಲ್ಲವನ್ನೂ ಕೇಳಿದಳು. ಆ ದಿನ ಊರಿನ ರೊಟ್ಟಿಗಳೆಲ್ಲ ಸ್ವಲ್ಪ ಸೀದಿದ್ದವು.

ಸೋಮವಾರ ಮೇಯರಮ್ಮ ಕೊಂಬಾಲ್ ತಾವೇ ಕಚೇರಿಗೆ ಬಂದರು. ಕೈಯಲ್ಲಿ ಯಾರಿಗೂ ಬೇಡದ ಒಂದು ಕಾಗದವಿತ್ತು. ಅದನ್ನು ಮೇಜಿನ ಮೇಲಿಟ್ಟು ಮರೆತರು.

"ಲಬ್ರೂನಿಯವರೇ, ಶನಿವಾರ ಕಾಡಿಗೆ ಹೋಗಿದ್ರಂತೆ. ಹೇಗಾಯ್ತು?"

ಆನ್ಸೆಲ್ಮನ ಕಿವಿ ಬಿಸಿಯಾಯಿತು. ಗೊತ್ತಾಗಿದೆ ಇವರಿಗೆ! ಸರ್ಕಾರದ ಪ್ರತಿನಿಧಿಯ ಮುಂದೆ ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ ತಗ್ಗಿದ ದನಿಯಲ್ಲಿ, "ಮೂರಾಯ್ತು," ಎಂದ.

"ಮೂರು!" ಮೇಯರಮ್ಮ ಕುರ್ಚಿ ಎಳೆದುಕೊಂಡು ಕುಳಿತರು. "ದೊಡ್ಡವಾ?"

"ಒಂದು ದೊಡ್ಡದು. ಇನ್ನೆರಡು ಅಂಥದ್ದೇನಲ್ಲ. ಆದ್ರೂ ಸೊಂಟ ಇನ್ನೂ ನೋಯ್ತಿದೆ."

"ನೋಯದೆ ಇರುತ್ತಾ, ಬಗ್ಗಿ ಬಗ್ಗಿ! ಎಲ್ಲಿ ಅಂತ ನಾನು ಕೇಳಬಾರದು. ಆದ್ರೂ, ಎಲ್ಲಿ?"

ಅಪಾಯದ ಜಾಗದಲ್ಲಿ ಪುರಸಭೆ ತಡೆಬೇಲಿ ಹಾಕಿಸಲಿದೆ ಎಂದು ಆನ್ಸೆಲ್ಮ್ ತಿಳಿದ. "ಜೋಡಿ ಚೆಸ್ಟ್‌ನಟ್ ಮರದ ಕೆಳಗೆ, ತೊರೆ ಹತ್ರ. ನಂಗೆ ಯಾವಾಗ್ಲೂ ಅಲ್ಲೇ. ಒಂದು ವಾರವೂ ತಪ್ಪಿಲ್ಲ."

"ಒಂದು ವಾರವೂ!"

"ದಯವಿಟ್ಟು ಯಾರಿಗೂ ಹೇಳ್ಬೇಡಿ ಮೇಡಂ. ಮರ್ಯಾದೆ ಪ್ರಶ್ನೆ."

"ನನ್ನ ಬಾಯಿಂದಲಾ?" ಮೇಯರಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡರು. ಕೈ ಇನ್ನೂ ಅಲ್ಲೇ ಇರುವಾಗ ಕಾಲು ಹೊರಗೆ ಹೋಗಿತ್ತು. ಮಧ್ಯಾಹ್ನದ ಹೊತ್ತಿಗೆ ಊರಿನಲ್ಲಿ ಗೊತ್ತಿಲ್ಲದವರೆಂದರೆ ಆನ್ಸೆಲ್ಮ್ ಒಬ್ಬನೇ.

ಶನಿವಾರ ಬೆಳಿಗ್ಗೆ ಜೋಡಿ ಚೆಸ್ಟ್‌ನಟ್ ಮರಗಳ ಕೆಳಗೆ, ತೊರೆಯ ಪಕ್ಕದ ಪೊದೆಗಳಲ್ಲಿ, ಮೊಂಬ್ರಾಕ್ ಊರಿನ ಮಾನವಂತರು ಒಬ್ಬೊಬ್ಬರಾಗಿ ಎದುರಾದರು. ಮೇಯರಮ್ಮ ಕಾಡಿನ ತಪಾಸಣೆಗೆ ಬಂದಿದ್ದರು. ಬೇಟೆಗಾರರ ಅಧ್ಯಕ್ಷ ಕಳೆದುಹೋದ ನಾಯಿ ಹುಡುಕುತ್ತಿದ್ದ; ಅವನಿಗೆ ನಾಯಿ ಇರಲಿಲ್ಲ. ಅಂಚೆಯವಳು ಯಾವುದೋ ವಿಳಾಸ ಸಿಗುತ್ತಿಲ್ಲ ಎಂದಳು. ಎಲ್ಲರ ಕೋಟಿನ ಕೆಳಗೂ ಬುಟ್ಟಿಯೊಂದು ಉಬ್ಬಿಕೊಂಡಿತ್ತು.

"ನೀನೂ ಬಂದ್ಯಾ ಅಕ್ಕ?" ಎಂದ ರೆಜಿಸ್, ಜರಿಗಿಡದ ಮರೆಯಲ್ಲಿದ್ದ ಓರ್ತಾನ್ಸಳನ್ನು ಕಂಡು. ಅವನ ಸೈಕಲ್ಲು ಪಕ್ಕದಲ್ಲೇ ಮಲಗಿತ್ತು.

"ಮೂವತ್ತು ವರ್ಷ ಬೇಯಿಸಿ ಹಾಕಿದೀನಿ ಆ ಮನುಷ್ಯನಿಗೆ. ಒಂದು ಅಣಬೆ ಮನೆಗೆ ತಂದಿಲ್ಲ. ಹಾಗಾದ್ರೆ ಯಾರಿಗೆ ಕೊಡ್ತಿದಾನೆ? ನಂಗೆ ಅದು ಗೊತ್ತಾಗ್ಬೇಕು."

ಎಂಬತ್ತೊಂದರ ಲಿಯೋಂತೀನ್ ಅಜ್ಜಿ ಕೋಲು ಊರಿಕೊಂಡು ಒಂದು ಕಲ್ಲಿನ ಮೇಲೆ ಕೂತಿದ್ದಳು. ಅವಳೊಬ್ಬಳ ಬಳಿ ಮಾತ್ರ ಬುಟ್ಟಿ ಇರಲಿಲ್ಲ. ಬಚ್ಚಿಟ್ಟುಕೊಳ್ಳದೆ ನಿಂತವಳೂ ಒಬ್ಬಳಿದ್ದಳು. ಬೇಕರಿಗೆ ಬೀಗ ಹಾಕಿ ಬಂದ ಸಿದೋನಿ ದಾರಿಯ ನಟ್ಟನಡುವೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು.

ಮೇಲೆ ಎಲೆ ಸದ್ದಾಯಿತು. ಆಮೇಲೆ ಒಂದು ಕೂಗು ಕೇಳಿತು. ಕೂಗಿನ ಹಿಂದೆಯೇ ಆನ್ಸೆಲ್ಮ್ ಬಂದ.

"ಸರೀರೀರೀ!"

ಸಿದೋನಿ ಸರಿಯಲಿಲ್ಲ. ಆನ್ಸೆಲ್ಮ್ ಹ್ಯಾಂಡಲ್ ತಿರುಗಿಸಿದ. ಸೈಕಲ್ಲು ಎಂದಿನಂತೆ ಎಡಕ್ಕೆ, ಅವನು ಎಂದಿನಂತೆ ತೊರೆಗೆ. ನೀರಿನಿಂದ ತಲೆ ಎತ್ತಿ ನೋಡಿದರೆ, ಒಂದೊಂದು ಪೊದೆಯಿಂದಲೂ ಊರಿನ ಒಂದೊಂದು ಮುಖ ಏಳುತ್ತಿದೆ. ತನ್ನ ಹೆಂಡತಿಯೂ ಅಲ್ಲಿದ್ದಾಳೆ!

"ನಗಿ!" ಎಂದು ಅರಚಿದ ಆನ್ಸೆಲ್ಮ್, ಸೊಂಟದ ಮಟ್ಟದ ನೀರಲ್ಲಿ ನಿಂತು. "ಎಲ್ಲಾರೂ ನಗಿ! ಹೌದು, ಇದೇ ಜಾಗ. ಪ್ರತಿ ವಾರ ಇಲ್ಲೇ. ಐದು ವಾರದಿಂದ ಇಲ್ಲೇ!"

"ಎಲ್ಲಿ? ಕಾಣ್ತಿಲ್ವಲ್ಲ?" ಎಂದಳು ಅಂಚೆಯವಳು, ನೆಲ ಕೆದಕುತ್ತ.

"ಇಲ್ಲೇ, ಈ ನೀರಲ್ಲೇ!"

"ಸೆಪ್ಪು ನೀರಲ್ಲಿ ಎಲ್ಲಿ ಬೆಳೀತದೆ?" ಎಂದು ಮೇಯರಮ್ಮ ಗದರಿದರು.

"ಸೆಪ್ಪಾ?" ಎಂದ ಆನ್ಸೆಲ್ಮ್. "ಯಾವ ಸೆಪ್ಪು? ನಾನು ಬೀಳೋ ಜಾಗ ಇದು!"

"ಮೂರು ಅಂದ್ರಲ್ಲ ನೀವು! ಒಂದು ದೊಡ್ಡದು ಅಂದ್ರಲ್ಲ!"

"ಮೂರು ಸಲ ಬಿದ್ದೆ ಅಂದೆ ಮೇಡಂ!"

ಬೇಟೆಗಾರರ ಅಧ್ಯಕ್ಷ ಬುಟ್ಟಿಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದ. ಓರ್ತಾನ್ಸ್ ಹೋಗಿ ಗಂಡನ ಬೆನ್ನಚೀಲ ಕಿತ್ತುಕೊಂಡು ಬಿಚ್ಚಿದಳು. ಮಡಿಸಿಟ್ಟ ಪ್ಯಾಂಟೊಂದು ಹೊರಬಂತು.

"ನಂಗೆ ನಾಚಿಕೆ ಆಗ್ತಿತ್ತು," ಎಂದ ಆನ್ಸೆಲ್ಮ್. "ಸಣ್ಣ ಮಕ್ಕಳು ಇಳಿಯೋ ದಾರಿ. ನನ್ನ ಕೈಲಿ ಆಗ್ತಿಲ್ಲ. ಹಸಿರು ದಾರಿ ನನ್ನ ಕೈಲಿ ಆಗ್ತಿಲ್ಲ, ರೆಜಿಸ್. ನೀನು ಹೇಳಿದ್ದೇ ಸರಿ."

ರೆಜಿಸ್ ನೀರಿನ ಹತ್ತಿರ ಬಂದ. "ಭಾವ, ಇದು ಯಾವ ದಾರಿ ಅಂದ್ರಿ?"

"ಹಸಿರು."

ರೆಜಿಸ್ ಮರದ ಮೇಲಿನ ಹಲಗೆಗೆ ಬೆರಳು ತೋರಿಸಿದ. "ಆ ಹಲಗೆ ಯಾವ ಬಣ್ಣ?"

"ಹಸಿರು. ಕಣ್ಣು ಕಾಣಲ್ವಾ?"

"ಮೇಯರಮ್ಮನ ಶಾಲು?"

"ಅದೂ ಹಸಿರೇ. ಸ್ವಲ್ಪ ಮಾಸಿದೆ."

ಮೇಯರಮ್ಮ ಟೊಮೇಟೊ ಕೆಂಪಿನ ತಮ್ಮ ಹೊಸ ಶಾಲನ್ನು ನೋಡಿಕೊಂಡರು.

"ಅಯ್ಯೋ ದೇವರೇ!" ಓರ್ತಾನ್ಸ್ ತಲೆಯ ಮೇಲೆ ಕೈಹೊತ್ತಳು. "ಮೊದಲ ಸಲ ನನ್ನ ಕೆಂಪು ಗೌನು ನೋಡಿ 'ವಸಂತದ ಹುಲ್ಲುಗಾವಲಿನ ಹಾಗಿದೀಯ' ಅಂದಿದ್ದ. ಕವಿ ಅಂದ್ಕೊಂಡು ಮದ್ವೆ ಆದೆ!"

"ಭಾವ," ರೆಜಿಸ್‌ನ ದನಿ ಸಣ್ಣದಾಯಿತು. "ಇದು ಕೆಂಪು ದಾರಿ. ಇಪ್ಪತ್ತೆರಡು ಕಿಲೋಮೀಟರು. ಈ ಇಳಿಜಾರು ಬಂದ್ರೆ..." ಅವನು ಅತ್ತಿತ್ತ ನೋಡಿ ಪಿಸುಗುಟ್ಟಿದ, "ನಾನೂ ಇಳಿದು ತಳ್ಕೊಂಡೇ ಹೋಗೋದು."

ಪಿಸುಮಾತು ಎಲ್ಲರಿಗೂ ಕೇಳಿತು. ಆದರೆ ಸಿದೋನಿಗೆ ಬಣ್ಣದ ಚಿಂತೆ ಇರಲಿಲ್ಲ. ಅವಳು ನೀರಿನ ಅಂಚಿಗೆ ಬಂದು ನಿಂತಳು.

"ಲಬ್ರೂನಿಯವರೇ, ಒಂದೇ ಮಾತು. ಅಪ್ಪ ನಿಮಗೆ ಹೇಳಿದ್ರಾ? ನಾನು ಕೊನೇ ಮೂರು ವಾರ ಹಾಸಿಗೆ ಪಕ್ಕ ಕೂತಿದ್ದೆ. ನಂಗೆ ಹೇಳದ ಮಾತು ಕಾಗದದಲ್ಲಿ ಬರ್ದು ನಿಮ್ಮ ಕೈಗೆ ಕೊಟ್ರಾ?"

"ಇಲ್ಲಮ್ಮ. ಒಂದೊಂದು ಅಕ್ಷರ ನಾನೇ ನಕಲು ಮಾಡಿದ್ದು. ಮನೆ, ಒಲೆ, ಅಂಗಡಿ. ಬೇರೇನೂ ಇರಲಿಲ್ಲ."

"ಹಾಗಾದ್ರೆ ಯಾರಿಗೂ ಹೇಳದೆ ಹೋದ್ರಾ?" ಎಂದಳು ಸಿದೋನಿ.

"ಹೇಳೋಕೆ ಏನಿತ್ತು ಅವನ ಹತ್ರ?" ಎಂದು ಕಲ್ಲಿನ ಮೇಲಿಂದ ಲಿಯೋಂತೀನ್ ಅಜ್ಜಿ ಗೊಣಗಿದಳು. ಎಲ್ಲರೂ ತಿರುಗಿದರು. ಅಜ್ಜಿ ಕೋಲಿನಿಂದ ನೆಲ ಕುಟ್ಟಿದಳು. "ನಿಮ್ಮಪ್ಪನಿಗೆ ಜಾಗ ಇರಲಿಲ್ಲ ಮಗಳೇ. ಕಾಲಡಿಗೆ ಅಣಬೆ ಬಂದ್ರೆ ತುಳ್ಕೊಂಡು ಹೋಗೋ ಮನುಷ್ಯ. ಒಂದ್ಸಲ ಖಾಲಿ ಬುಟ್ಟಿ ಇಟ್ಕೊಂಡು ಇದೇ ದಾರೀಲಿ ಅಳುಮುಖ ಮಾಡ್ಕೊಂಡು ಬರ್ತಿದ್ದ. ಪಾಪ ಅನ್ನಿಸ್ತು, ನನ್ನ ಬುಟ್ಟಿ ಕೊಟ್ಟೆ. ಊರಿಗೆ ಹೋಗಿ ತಾನೇ ಕಿತ್ತಿದ್ದು ಅಂದ. ಆಮೇಲೆ ಹಿಂದೆ ಹೋಗೋಕಾಗುತ್ತಾ? ಮೂವತ್ತು ವರ್ಷ ನಾನೇ ಕೊಟ್ಟೆ. ಅವನು ದಿನಾ ನನ್ನ ಕಿಟಕಿ ಮೇಲೆ ಬಿಸಿ ರೊಟ್ಟಿ ಇಡ್ತಿದ್ದ."

ಸಿದೋನಿ ಅಜ್ಜಿಯನ್ನೇ ನೋಡಿದಳು. ಮೊದಲು ನಕ್ಕಳು. ನಗುನಗುತ್ತ ಕಣ್ಣು ಒರೆಸಿಕೊಂಡಳು. "ಅಪ್ಪ... ಅಣಬೆ ಕಿಟಕೀಲಿ ಜೋಡಿಸುವಾಗ ಎಷ್ಟು ಜಂಬ ಅವರಿಗೆ!"

"ಜಂಬ ಅವನದು. ಅಣಬೆ ನನ್ನದು," ಎಂದಳು ಅಜ್ಜಿ.

ಮೇಯರಮ್ಮ ಕೆಮ್ಮಿದರು. "ಹಾಗಾದ್ರೆ ಅಜ್ಜಿ, ಜಾಗ ನಿಮಗೆ ಗೊತ್ತು."

ಅಜ್ಜಿ ಬಾಯಿ ಮುಚ್ಚಿಕೊಂಡಳು. ತಡವಾಗಿತ್ತು. ಅಲ್ಲಿದ್ದ ಕಣ್ಣುಗಳೆಲ್ಲ ಆನ್ಸೆಲ್ಮನನ್ನು ಬಿಟ್ಟು ಅವಳ ಮೇಲೆ ನೆಟ್ಟಿದ್ದವು. ನೀರಿನಿಂದ ಅವನನ್ನು ಎತ್ತಲು ಒಬ್ಬರೂ ಕೈ ಕೊಡಲಿಲ್ಲ.

ಮುಂದಿನ ಶನಿವಾರ ಆನ್ಸೆಲ್ಮ್ ಮತ್ತೆ ಜೋಡಿ ಮರಗಳ ಹತ್ತಿರ ನಿಂತಿದ್ದ. ವಾರವಿಡೀ ಊರಿನಲ್ಲಿ ಅವನಿಗೆ ಭಾರಿ ಮರ್ಯಾದೆ. ಐವತ್ತು ದಾಟಿದವರಲ್ಲಿ ಕೆಂಪು ದಾರಿ ಸುತ್ತಿದವನು ಅವನೊಬ್ಬನೇ. ಇವತ್ತು ಬೀಳದೆ ಇಳಿಯುತ್ತಾನೆಂದು ರೆಜಿಸ್ ಎಲ್ಲ ಕಡೆ ಹೇಳಿಬಿಟ್ಟಿದ್ದ. ಕೆಳಗೆ ಇಪ್ಪತ್ತು ಮೂವತ್ತು ಜನ ಸೇರಿದ ಗದ್ದಲ ಎಲೆಗಳ ಸಂದಿಯಿಂದ ಕೇಳುತ್ತಿತ್ತು. ರೆಜಿಸ್ ಅವನ ಪಕ್ಕದಲ್ಲೇ ಸೈಕಲ್ಲು ಹಿಡಿದು ನಿಂತಿದ್ದ.

ಬಂದ ತೊಂದರೆ ಏನೆಂದರೆ, ಆನ್ಸೆಲ್ಮ್ ಮಕ್ಕಳ ದಾರಿ ಎಂದು ತಿಳಿದಿದ್ದಾಗ ಕಣ್ಣು ಮುಚ್ಚಿ ಇಳಿದಿದ್ದ ಇಳಿಜಾರು, ಕೆಂಪು ಎಂದು ತಿಳಿದ ಮೇಲೆ ಬಾವಿಯಾಗಿ ಕಂಡಿತು.

"ನೀನು ಮುಂದೆ ಹೋಗು," ಎಂದ.

"ಛೆ ಛೆ, ದೊಡ್ಡವರು ನೀವು. ನೀವು ಮುಂದೆ, ಭಾವ."

"ಅನುಭವ ನಿಂದು."

"ಐದು ವಾರದ ಅನುಭವ ನಿಮ್ದು. ನಾನು ಬರೀ ತಳ್ಕೊಂಡು ಹೋಗೋನು."

ಈ ಉಪಚಾರ ಕಾಲು ಗಂಟೆ ನಡೆಯಿತು. ಅಷ್ಟರಲ್ಲಿ ಕೆಳಗಿನ ಗದ್ದಲ ಬದಲಾಯಿತು. "ಅಜ್ಜಿ! ಅಜ್ಜಿ!" ಎಂದು ಯಾರೋ ಪಿಸುಗುಟ್ಟಿದರು. ರೆಜಿಸ್ ಮರದ ಬುಡ ಹಿಡಿದು ಬಗ್ಗಿ ನೋಡಿದ. ತೊರೆಯಾಚೆ ಲಿಯೋಂತೀನ್ ಅಜ್ಜಿ, ಬಿಳಿ ಬಟ್ಟೆ ಮುಚ್ಚಿದ ದೊಡ್ಡ ಬುಟ್ಟಿ ತೋಳಿಗೆ ಹಾಕಿಕೊಂಡು, ಯಾರನ್ನೂ ನೋಡದವಳ ಹಾಗೆ ಗಿರಣಿಯ ಕಡೆಗೆ ಹೋಗುತ್ತಿದ್ದಳು.

"ಒಂದ್ನಿಮಿಷ ಬಂದೆ ಭಾವ," ಎಂದ ರೆಜಿಸ್. ಸೈಕಲ್ಲನ್ನು ಮರಕ್ಕೆ ಒರಗಿಸಿ, ಪಕ್ಕದ ಪೊದೆಗಳನ್ನು ಹಿಡಿದುಕೊಂಡು ಜಾರಿ ಇಳಿದು ಮಾಯವಾದ.

ಆನ್ಸೆಲ್ಮ್ ಕಾದ. ಕೆಳಗೆ ಈಗ ಸದ್ದೇ ಇರಲಿಲ್ಲ. ಎಲ್ಲರೂ ಉಸಿರು ಬಿಗಿಹಿಡಿದು ತನಗಾಗಿ ಕಾಯುತ್ತಿದ್ದಾರೆ ಎನಿಸಿತು ಅವನಿಗೆ. ಇಷ್ಟು ಜನರನ್ನು ಕಾಯಿಸುವುದು ಮರ್ಯಾದೆಯಲ್ಲ. ಹ್ಯಾಂಡಲ್ ಬಿಗಿಯಾಗಿ ಹಿಡಿದ, ಸೀಟಿನಿಂದ ಹಿಂದಕ್ಕೆ ಸರಿದ, ಈ ಸಲ ಕಣ್ಣು ತೆರೆದೇ ಇಳಿದ. ಮೊದಲ ಬೇರು, ಎರಡನೆಯ ಬೇರು, ಬಂಡೆ. ಸೈಕಲ್ಲು ಎಡಕ್ಕೆ ಹೋಗಬೇಕಾದ ಜಾಗದಲ್ಲಿ ಎಡಕ್ಕೆ ಹೋಗಲಿಲ್ಲ. ತೊರೆಯ ಆಳವಿಲ್ಲದ ಕಡೆ ನೀರು ಚಿಮ್ಮಿಸಿಕೊಂಡು ದಾಟಿ, ಆಚೆ ದಡದಲ್ಲಿ ಬ್ರೇಕು ಹಿಡಿದು, ನೆಟ್ಟಗೆ, ಎರಡು ಕಾಲಿನ ಮೇಲೆ ನಿಂತ. ಚಪ್ಪಾಳೆಗೆಂದು ತಿರುಗಿದ.

ಒಂದು ನರಪಿಳ್ಳೆ ಇರಲಿಲ್ಲ. ಊರಿಗೆ ಊರೇ ಅಜ್ಜಿಯ ಬುಟ್ಟಿಯ ಹಿಂದೆ ಗಿರಣಿಯ ಕಡೆ ಹೋಗಿತ್ತು.

ಜರಿಗಿಡಗಳು ಅಲುಗಿದವು. ಎದುರು ಗುಡ್ಡದ ಕಡೆಯಿಂದ ಸಿದೋನಿ ಬಂದಳು. ತೋಳಿನಲ್ಲಿ ಬುಟ್ಟಿ, ಅದರ ತುಂಬ, ಬಟ್ಟೆ ಕೂಡ ಮುಚ್ಚಲಾರದಷ್ಟು, ಕಂದು ತಲೆಯ ಸೆಪ್ಪುಗಳು.

"ಅಜ್ಜಿಯ ಬುಟ್ಟೀಲಿ ಏನಿದೆ?" ಎಂದ ಆನ್ಸೆಲ್ಮ್.

"ಉಣ್ಣೆ ಉಂಡೆ. ಗಿರಣಿ ಹತ್ರ ಕೂತು ಕಾಲುಚೀಲ ಹೆಣೀತಾಳಂತೆ, ಸಂಜೆವರೆಗೂ." ಸಿದೋನಿ ಇಳಿಜಾರನ್ನು ಒಮ್ಮೆ ಕೆಳಗಿನಿಂದ ಮೇಲಕ್ಕೆ ನೋಡಿದಳು. "ನೋಡ್ದೆ ನಾನು. ಮೇಲಿಂದ ಕೆಳಗಿನವರೆಗೂ. ಎಂಥ ಚೆನ್ನಾಗಿ ಇಳಿದ್ರಿ!"

ಆನ್ಸೆಲ್ಮನ ಮುಖ ಅರಳಿತು. "ಹಾಗಾದ್ರೆ ಊರಲ್ಲಿ ಹೇಳ್ತೀಯ?"

"ಹೇಳ್ಬಹುದಿತ್ತು," ಎಂದಳು ಸಿದೋನಿ. "ಆದ್ರೆ ನಾನು ಇವತ್ತು ಈ ಕಡೆ ಬಂದೇ ಇಲ್ವಲ್ಲ."

ಆನ್ಸೆಲ್ಮ್ ಬುಟ್ಟಿ ನೋಡಿದ, ಗುಡ್ಡ ನೋಡಿದ. ಇಪ್ಪತ್ತಾರು ವರ್ಷದ ನೌಕರಿ ಅವನಲ್ಲಿ ಎದ್ದು ನಿಂತಿತು. "ಇಲ್ಲ," ಎಂದ. "ಇಲ್ಲಿ ಯಾರೂ ಇರಲಿಲ್ಲ."

ಭಾನುವಾರ ಬೆಳಿಗ್ಗೆ ಬೇಕರಿಯ ಸಾಲು ಬೀದಿಯವರೆಗೂ ಇತ್ತು. ಗಿರಣಿಯ ಬಳಿ ಇಡೀ ದಿನ ಅಜ್ಜಿಯ ಹೆಣಿಗೆ ನೋಡಿ ಬಂದ ಜನ ಸಿಡಿಮಿಡಿಯಾಗಿದ್ದರು. ಅವರಿಗೆ ಗೇಲಿ ಮಾಡಲು ಒಬ್ಬ ಬೇಕಿತ್ತು.

"ಏನ್ ಭಾವ, ಕೊನೆಗೂ ಇಳಿದ್ರಾ, ತಳ್ಕೊಂಡು ಬಂದ್ರಾ?" ಎಂದು ಹಿಂದಿನಿಂದ ರೆಜಿಸ್ ಕೂಗಿದ.

"ಇಳಿದೆ."

"ಬೀಳದೆ?"

"ಬೀಳದೆ."

"ನೋಡಿದೋರು?"

ಆನ್ಸೆಲ್ಮ್ ಎದುರಿಗಿದ್ದ ಸಿದೋನಿಯ ಮುಖ ನೋಡಿದ. ಅವಳು ಅವನ ರೊಟ್ಟಿಯನ್ನು ಕಾಗದದ ಚೀಲಕ್ಕೆ ಹಾಕುವುದರಲ್ಲಿ ಮುಳುಗಿದ್ದಳು. ರೆಪ್ಪೆ ಕೂಡ ಅಲುಗಲಿಲ್ಲ.

"ಯಾರೂ ಇಲ್ಲ," ಎಂದ ಆನ್ಸೆಲ್ಮ್.

ಸಾಲಿಗೆ ಸಾಲೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಂಚೆಯವಳು ಕಣ್ಣೀರು ಒರೆಸಿಕೊಂಡಳು. ಮೇಯರಮ್ಮ ಕೂಡ ಶಾಲಿನಲ್ಲಿ ಬಾಯಿ ಮುಚ್ಚಿಕೊಂಡರು.

"ತಗೊಳ್ಳಿ," ಎಂದು ಸಿದೋನಿ ಚೀಲ ಚಾಚಿದಳು. "ಮುಂದಿನವರು ಯಾರು?"

ಆನ್ಸೆಲ್ಮ್ ಚೀಲ ಹಿಡಿದುಕೊಂಡ. ಕೈ ಕೆಳಕ್ಕೆ ಜಗ್ಗಿತು. ಒಂದು ರೊಟ್ಟಿ ಅಷ್ಟು ಭಾರ ಇರುವುದಿಲ್ಲ, ಅದಕ್ಕೆ ಕಾಡಿನ ಮಣ್ಣಿನ ವಾಸನೆಯೂ ಇರುವುದಿಲ್ಲ. ಅವನು ಇನ್ನೊಂದು ಕೈಯನ್ನು ಚೀಲದ ಅಡಿಗೆ ಕೊಟ್ಟು, ಎದೆಗವಚಿಕೊಂಡು, ನಗುವ ಸಾಲನ್ನು ದಾಟಿ, ಮುಖ್ಯ ಬೀದಿಯ ನಟ್ಟನಡುವೆ ಮನೆಯ ಕಡೆ ನಡೆದ.